ಯಾರ ಮಗ, ಯಾವ ತಾಯಿ: ಝೆನ್ ಹುವಾನಳ ಅಂತಃಪುರದಲ್ಲಿ ನಂಟು ಮತ್ತು ಸಿಂಹಾಸನ

ಚೀನಾದಲ್ಲಿ 2011ರಲ್ಲಿ ಪ್ರಸಾರವಾದ ‘ಝೆನ್ ಹುವಾನ್ ಝುವಾನ್’ ಎಂಬ 76 ಕಂತುಗಳ ಐತಿಹಾಸಿಕ ಧಾರಾವಾಹಿಯನ್ನು ಹೊರದೇಶಗಳ ಪ್ರೇಕ್ಷಕರು ‘ಎಂಪ್ರೆಸಸ್ ಇನ್ ದ ಪ್ಯಾಲೇಸ್’ ಎಂಬ ಹೆಸರಿನಿಂದ ಬಲ್ಲರು. ಝೆಂಗ್ ಶಿಯಾವ್‌ಲೋಂಗ್ ನಿರ್ದೇಶಿಸಿದ, ಸುನ್ ಲಿ ಮುಖ್ಯಪಾತ್ರದಲ್ಲಿ ನಟಿಸಿದ ಈ ಧಾರಾವಾಹಿಯ ಕಥೆ ನಡೆಯುವುದು 18ನೆಯ ಶತಮಾನದ ಮೊದಲ ಭಾಗದಲ್ಲಿ, ಚಿಂಗ್ ವಂಶದ ಯೋಂಗ್‌ಝೆಂಗ್ ಚಕ್ರವರ್ತಿಯ ಅಂತಃಪುರದಲ್ಲಿ. ಝೆನ್ ಹುವಾನ್ ಎಂಬ ಹದಿಹರೆಯದ ಹುಡುಗಿ ಅರಮನೆಯನ್ನು ಸೇರಿ, ಎಲ್ಲವನ್ನೂ ಕಳೆದುಕೊಂಡು, ಮತ್ತೆ ಹಿಂದಿರುಗಿ, ಕೊನೆಗೆ ರಾಜಮಾತೆಯ ಪೀಠವನ್ನು ಏರುವ ಈ ಕಥೆ ಮೊದಲ ನೋಟಕ್ಕೆ ಸವತಿಯರ ಜಗಳದಂತೆ ಕಾಣುತ್ತದೆ. ಆದರೆ ಜಗಳಕ್ಕೆ ಮತ್ಸರವೊಂದೇ ಕಾರಣವೆಂದು ಹಿಡಿದು ಹೊರಟವರಿಗೆ ಇಪ್ಪತ್ತು ಕಂತು ದಾಟುವಷ್ಟರಲ್ಲಿ ದಾರಿ ತಪ್ಪುತ್ತದೆ. ಮಕ್ಕಳಿಲ್ಲದ ಪಟ್ಟದರಸಿ ಮತ್ತೊಬ್ಬಳ ಮಗನಿಗಾಗಿ ಏಕೆ ಕೊಲೆಗೂ ಹೇಸುವುದಿಲ್ಲ, ತಾನು ಒಲಿದ ಹೆಣ್ಣಿನ ಬಸಿರನ್ನೇ ಚಕ್ರವರ್ತಿ ಏಕೆ ತಡೆಯುತ್ತಾನೆ, ಎಲ್ಲೋ ದೂರದ ಸೇನಾಪತಿಯ ಸೋಲಿಗೂ ಅಂತಃಪುರದ ಒಂದು ಸಾವಿಗೂ ಏನು ಸಂಬಂಧ ಎಂಬ ಪ್ರಶ್ನೆಗಳಿಗೆ ಮತ್ಸರದಲ್ಲಿ ಉತ್ತರ ಸಿಗುವುದಿಲ್ಲ. ಈ ಹೆಣ್ಣಿನ ತವರು ಯಾವುದು, ಮತ್ತು ಈ ಮಗುವಿಗೆ ತಾಯಿಯೆಂದು ದಾಖಲೆಯಲ್ಲಿ ಬರೆಸಿಕೊಂಡವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ನೋಡಿದರೆ ಇಡೀ ಕಥೆ ತಾನಾಗಿ ಬಿಡಿಸಿಕೊಳ್ಳುತ್ತದೆ.

ನಮ್ಮಲ್ಲಿ ಹೆಚ್ಚಿನವರು ರಾಜಮನೆತನದ ಕಥೆಯೆಂದರೆ ಹಿರಿಯ ಮಗನಿಗೆ ಪಟ್ಟ ಎಂಬ ಊಹೆಯೊಂದಿಗೆ ಕೂರುತ್ತೇವೆ. ಮಂಚೂ ಮೂಲದ ಚಿಂಗ್ ದೊರೆಗಳಲ್ಲಿ ಅಂಥ ಕಟ್ಟುನಿಟ್ಟಾದ ನಿಯಮ ಇರಲಿಲ್ಲ. ಯೋಂಗ್‌ಝೆಂಗ್‌ನ ತಂದೆ ಕಾಂಗ್‌ಶಿ ಚಕ್ರವರ್ತಿ ಹಾನ್ ಚೀನೀಯರ ಪದ್ಧತಿಯನ್ನು ಅನುಸರಿಸಿ ಪಟ್ಟದರಸಿಯ ಮಗ ಯಿನ್‌ರೆಂಗ್‌ನನ್ನು ಎಳೆಯ ಮಗುವಾಗಿದ್ದಾಗಲೇ ಯುವರಾಜನೆಂದು ಘೋಷಿಸಿದ್ದನು. ಪ್ರಯೋಗ ದುರಂತದಲ್ಲಿ ಕೊನೆಗೊಂಡಿತು. 1708ರಲ್ಲಿ ಯುವರಾಜನನ್ನು ಪದಚ್ಯುತಗೊಳಿಸಿ, 1709ರಲ್ಲಿ ಮತ್ತೆ ಕೂರಿಸಿ, 1712ರಲ್ಲಿ ಶಾಶ್ವತವಾಗಿ ಇಳಿಸಲಾಯಿತು. ಇತರ ರಾಜಕುಮಾರರು ಈ ಅವಧಿಯಲ್ಲಿ ಗುಂಪು ಕಟ್ಟಿಕೊಂಡು ಒಬ್ಬರನ್ನೊಬ್ಬರು ಮುಗಿಸಲು ನಿಂತರು. 1722ರಲ್ಲಿ ಕಾಂಗ್‌ಶಿ ತೀರಿಕೊಂಡಾಗ ನಾಲ್ಕನೆಯ ಮಗ ಯಿನ್‌ಝೆನ್ ಯೋಂಗ್‌ಝೆಂಗ್ ಎಂಬ ಹೆಸರಿನಲ್ಲಿ ಸಿಂಹಾಸನವನ್ನೇರಿದನು. ಅವನು ಅದನ್ನು ನ್ಯಾಯವಾಗಿ ಪಡೆದನೇ ಎಂಬ ಗುಸುಗುಸು ಅವನು ಬದುಕಿರುವವರೆಗೂ ನಿಲ್ಲಲಿಲ್ಲ. ಎಂಟನೆಯ ಮತ್ತು ಒಂಬತ್ತನೆಯ ರಾಜಕುಮಾರರು 1726ರಲ್ಲಿ ಬಂಧನದಲ್ಲಿಯೇ ಸತ್ತರು. ಧಾರಾವಾಹಿ ತೆರೆದುಕೊಳ್ಳುವುದು ಈ ಗಾಯ ಇನ್ನೂ ಹಸಿಯಾಗಿರುವ ಹೊತ್ತಿನಲ್ಲಿ. ಅದರಲ್ಲಿ ಬರುವ ಚಕ್ರವರ್ತಿ ಎಲ್ಲರನ್ನೂ ಅನುಮಾನಿಸುವುದನ್ನು ಬರಿಯ ಸ್ವಭಾವದೋಷವೆಂದು ನೋಡಬಾರದು. ತನ್ನ ಸ್ವಂತ ತಮ್ಮಂದಿರ ಜೊತೆ ಹೊಡೆದಾಡಿ ಬಂದವನ ಎಚ್ಚರ ಅದು.

ಈ ಅನುಭವದಿಂದ ಯೋಂಗ್‌ಝೆಂಗ್ 1723ರಲ್ಲಿ ಹೊಸದೊಂದು ವ್ಯವಸ್ಥೆಯನ್ನು ತಂದನು. ಉತ್ತರಾಧಿಕಾರಿಯ ಹೆಸರನ್ನು ಬರೆದು, ಪೆಟ್ಟಿಗೆಯಲ್ಲಿ ಮುದ್ರೆ ಹಾಕಿ, ನಿಷಿದ್ಧ ನಗರದ ಚಿಯೆನ್‌ಚಿಂಗ್ ಅರಮನೆಯ ಸಿಂಹಾಸನದ ಮೇಲ್ಗಡೆ ತೂಗುಹಾಕಿದ್ದ ಫಲಕದ ಹಿಂದೆ ಇರಿಸುವುದು. ಚಕ್ರವರ್ತಿ ಸತ್ತ ಮೇಲೆಯೇ ಅದನ್ನು ತೆಗೆದು ಓದುವುದು. ಘೋಷಿತ ಯುವರಾಜನಿಲ್ಲದಿದ್ದರೆ ಅವನ ಸುತ್ತ ಗುಂಪು ಕಟ್ಟಲು ಯಾರಿಗೂ ಆಗದು ಎಂಬುದು ಲೆಕ್ಕ. ಆಡಳಿತದ ಮಟ್ಟದಲ್ಲಿ ಈ ಲೆಕ್ಕ ಫಲಿಸಿತು. ಆದರೆ ಅಂತಃಪುರದ ಕಡೆಯಿಂದ ನೋಡಿದರೆ ಅದರ ಪರಿಣಾಮ ಬೇರೆಯೇ ಆಗಿರಬೇಕು, ಧಾರಾವಾಹಿ ಕಣ್ಣಿಟ್ಟಿರುವುದು ಅಲ್ಲಿಯೇ. ಹೆಸರು ಯಾರಿಗೂ ತಿಳಿಯದಿರುವಾಗ ಪ್ರತಿಯೊಬ್ಬ ರಾಜಕುಮಾರನೂ ನಾಳಿನ ಚಕ್ರವರ್ತಿಯಾಗಬಹುದು, ಪ್ರತಿಯೊಂದು ಬಸಿರೂ ನಾಳಿನ ಸಿಂಹಾಸನವಾಗಬಹುದು. ಪಟ್ಟದ ಹೋರಾಟ ದರ್ಬಾರಿನಿಂದ ಹೆರಿಗೆಯ ಕೋಣೆಗೆ ಸರಿಯಿತು.

ತಾಯಿ ಯಾರೆಂಬ ಪ್ರಶ್ನೆ ಮೊದಲು ಕಾಡುವುದು ಚಕ್ರವರ್ತಿಯನ್ನೇ. ಯಿನ್‌ಝೆನ್ ಹುಟ್ಟಿದ 1678ರಲ್ಲಿ ಅವನ ಹೆತ್ತತಾಯಿ, ಉಯಾ ಕುಲದ ಹೆಣ್ಣು, ಮಗುವನ್ನು ಸಾಕುವಷ್ಟು ಮೇಲಿನ ಸ್ಥಾನದಲ್ಲಿರಲಿಲ್ಲ. ಮಗುವನ್ನು ಸಾಕಿದವಳು ತೊಂಗಿಯಾ ಕುಲದ ಹಿರಿಯ ರಾಣಿ. ಆಕೆ 1689ರಲ್ಲಿ ಸಾಯುವ ಮುನ್ನಾದಿನ ಪಟ್ಟದರಸಿಯ ಪದವಿಯನ್ನು ಪಡೆದಳು. ಹೆತ್ತತಾಯಿ ಮುಂದೆ ಸ್ಥಾನ ಗಳಿಸಿಕೊಂಡು ತನ್ನ ಕಿರಿಯ ಮಗನನ್ನು, ಅಂದರೆ ಹದಿನಾಲ್ಕನೆಯ ರಾಜಕುಮಾರನನ್ನು, ತಾನೇ ಹತ್ತಿರವಿಟ್ಟುಕೊಂಡಳು. ಪಟ್ಟಕ್ಕಾಗಿ ನಡೆದ ಹೋರಾಟದಲ್ಲಿ ಈ ಇಬ್ಬರು ಒಡಹುಟ್ಟಿದವರು ಎದುರು ಬದುರಾದರು. ಧಾರಾವಾಹಿಯ ರಾಜಮಾತೆ ಚಕ್ರವರ್ತಿಯ ಪಕ್ಕದಲ್ಲಿ ಕೂತು ಅವನ ಸಿಂಹಾಸನವನ್ನು ಕಾಯುತ್ತಾಳೆ, ಆದರೆ ಅವಳ ಮನಸ್ಸು ಸೆರೆಯಲ್ಲಿರುವ ಕಿರಿಯ ಮಗನ ಕಡೆಗಿರುತ್ತದೆ. ಅವಳ ಮರಣಶಯ್ಯೆಯ ಬಳಿ ಕುಳಿತ ಚಕ್ರವರ್ತಿ, ತಾಯಿ ತನ್ನ ತಮ್ಮನಿಗೆ ಹಾಡುತ್ತಿದ್ದ ಲಾಲಿಯನ್ನು ನೆನೆಯುತ್ತಾನೆ. ಅದು ತನಗಾಗಿ ಎಂದೂ ಹಾಡಿದ್ದಲ್ಲ. ಈ ದೃಶ್ಯವನ್ನು ನೋಡಿದವರಿಗೆ ಅವನ ಕ್ರೌರ್ಯವನ್ನು ಕ್ಷಮಿಸಬೇಕೆನಿಸದಿದ್ದರೂ ಅದರ ಬೇರು ಎಲ್ಲಿದೆಯೆಂದು ತಿಳಿಯುತ್ತದೆ. ಚರಿತ್ರೆಯಲ್ಲಿ ಈ ರಾಜಮಾತೆ 1723ರಲ್ಲಿಯೇ ತೀರಿಕೊಂಡಳು. ಧಾರಾವಾಹಿ ಆಕೆಯ ಆಯುಷ್ಯವನ್ನು ಬಹಳ ವರ್ಷ ಹಿಗ್ಗಿಸಿದೆ. ಹಾಗೆ ಹಿಗ್ಗಿಸಿದ್ದು ಸರಿಯೆಂದೇ ನನ್ನ ಎಣಿಕೆ, ಏಕೆಂದರೆ ಮೂರು ತಲೆಮಾರಿನ ತಾಯಂದಿರನ್ನು ಒಂದೇ ಮನೆಯಲ್ಲಿ ತೋರಿಸಲು ಬೇರೆ ದಾರಿಯಿರಲಿಲ್ಲ.

ಸಾಕುತಾಯಿಯ ನಂಟು ಎಷ್ಟು ದೂರ ಹೋಗುತ್ತಿತ್ತು ಎಂಬುದಕ್ಕೆ ಲೊಂಗ್ಕೊಡೊ ಉತ್ತಮ ಉದಾಹರಣೆ. ಬೀಜಿಂಗಿನ ಕಾವಲುಪಡೆಯ ಮುಖ್ಯಸ್ಥನಾಗಿದ್ದು ಯೋಂಗ್‌ಝೆಂಗ್‌ನ ಪಟ್ಟಾಭಿಷೇಕಕ್ಕೆ ಬೆನ್ನೆಲುಬಾಗಿ ನಿಂತ ಈತ, ತೊಂಗಿಯಾ ರಾಣಿಯ ಸೋದರ. ಹೊಸ ಚಕ್ರವರ್ತಿ ಆಡಳಿತದ ಕಾಗದಪತ್ರಗಳಲ್ಲಿ ಅವನ ಹೆಸರಿನ ಹಿಂದೆ ‘ಸೋದರಮಾವ’ ಎಂದು ಬರೆಯುವಂತೆ ಆಜ್ಞೆಯನ್ನೇ ಹೊರಡಿಸಿದನು. ಹೆತ್ತತಾಯಿಯ ಸೋದರನಲ್ಲದ ಮಾವ, ಸಾಕುವಿಕೆಯಿಂದ ಸಿಕ್ಕಿದ ನಂಟು, ಅದಕ್ಕೆ ರಾಜಮುದ್ರೆ. ಕೆಲವೇ ವರ್ಷಗಳಲ್ಲಿ ಆ ಮಾವನೇ ಅಪಾಯವಾಗಿ ಕಂಡನು. 1728ರಲ್ಲಿ ಲೊಂಗ್ಕೊಡೊ ಬಂಧನದಲ್ಲಿ ಸತ್ತನು. ಧಾರಾವಾಹಿ ಇದನ್ನು ಇನ್ನಷ್ಟು ಬಿಗಿಮಾಡುತ್ತದೆ: ರಾಜಮಾತೆಗೂ ಲೊಂಗ್ಕೊಡೊನಿಗೂ ಎಳೆಯ ವಯಸ್ಸಿನ ಒಲವೊಂದಿತ್ತೆಂದು ಕಲ್ಪಿಸಿ, ಅವನಿಗೆ ವಿಷವುಣಿಸುವ ಕೆಲಸವನ್ನು ಮಗ ತಾಯಿಯಿಂದಲೇ ಮಾಡಿಸುತ್ತಾನೆ.

ಇನ್ನು ಸ್ಥಾನಗಳ ಏಣಿಯನ್ನು ಚಿಕ್ಕದಾಗಿ ತಿಳಿದುಕೊಂಡರೆ ಸಾಕು. ಪಟ್ಟದರಸಿಯ ಕೆಳಗೆ ಒಬ್ಬಳು ‘ಹುವಾಂಗ್‌ಗುಯ್‌ಫೇ’, ಇಬ್ಬರು ‘ಗುಯ್‌ಫೇ’, ನಾಲ್ವರು ‘ಫೇ’, ಆರು ಮಂದಿ ‘ಪಿನ್’. ಅವರ ಕೆಳಗಿನ ಮೂರು ದರ್ಜೆಗಳಿಗೆ ಸಂಖ್ಯೆಯ ಮಿತಿಯಿಲ್ಲ. ಪಿನ್ ಮತ್ತು ಅದರ ಮೇಲಿನವರು ಮಾತ್ರ ಒಂದು ಅರಮನೆಯ ಯಜಮಾನಿಯಾಗಬಹುದು. ಈ ಏಣಿಯಲ್ಲಿ ಕೆಳಗಿರುವ ತಾಯಿ ಹೆತ್ತ ಮಗು ಮೇಲಿನವಳ ಮಡಿಲಿಗೆ ಹೋಗುವುದು ಸಹಜ. ಕಾವ್ ಚಿನ್‌ಮೋ ಎಂಬ ಕೆಳದರ್ಜೆಯ ರಾಣಿಯ ಮಗಳು ವೆನ್‌ಯಿಯನ್ನು ಚಕ್ರವರ್ತಿಯ ಪ್ರೀತಿಯ ರಾಣಿ ಹುವಾ ಫೇ ತನ್ನ ಬಳಿಗೆ ಒಯ್ದು, ಅಳು ನಿಲ್ಲಿಸಲು ನಿದ್ದೆಯ ಮದ್ದು ಹಾಕಿಸುತ್ತಾಳೆ. ಹುವಾ ಫೇಯ ಬಲಗೈಯಾಗಿದ್ದ ಕಾವ್ ಆ ರಾತ್ರಿಯಿಂದಲೇ ಒಳಗೊಳಗೇ ಶತ್ರುವಾಗುತ್ತಾಳೆ. ಮುಂದೆ ಕಾವ್ ಸತ್ತ ಮೇಲೆ ಆ ಹುಡುಗಿ ಮಕ್ಕಳಿಲ್ಲದ ದುವಾನ್ ಫೇಯ ಮಗಳಾಗುತ್ತಾಳೆ; ಝೆನ್ ಹುವಾನ್ ಅರಮನೆ ಬಿಟ್ಟು ಹೊರಟಾಗ ಅವಳ ಹಸುಗೂಸು ಜಿಂಗ್ ಫೇಯ ಮಗಳಾಗುತ್ತದೆ. ತಾಯ್ತನ ಇಲ್ಲಿ ಕೈಬದಲಾಗುವ ಹುದ್ದೆ. ಆದರೂ ಜಿಂಗ್ ಫೇ ತಾನು ಸಾಕಿದ ಮಗುವನ್ನು ವರ್ಷಗಳ ಮೇಲೆ ಹಿಂದಿರುಗಿಸಬೇಕಾಗಿ ಬಂದಾಗ ಪಡುವ ಸಂಕಟವನ್ನು ಧಾರಾವಾಹಿ ಅವಸರವಿಲ್ಲದೆ ತೋರಿಸುತ್ತದೆ. ಹುದ್ದೆಯೆಂದು ಹಿಡಿದದ್ದು ಮಮತೆಯಾಗಿಬಿಟ್ಟಿರುತ್ತದೆ.

ತವರಿನ ಪ್ರಶ್ನೆ ಅತ್ಯಂತ ಕಟುವಾಗಿ ಎದ್ದುಕಾಣುವುದು ಹುವಾ ಫೇಯ ಬದುಕಿನಲ್ಲಿ. ಅವಳ ಅಣ್ಣ ನಿಯಾನ್ ಗೆಂಗ್‌ಯಾವ್ ಚರಿತ್ರೆಯ ವ್ಯಕ್ತಿ. 1723–24ರಲ್ಲಿ ಚಿಂಗ್‌ಹಾಯ್ ಪ್ರದೇಶದ ದಂಗೆಯನ್ನು ಅಡಗಿಸಿ, ಪಶ್ಚಿಮ ಗಡಿಯ ಸೇನೆಯನ್ನೆಲ್ಲ ಕೈಯಲ್ಲಿ ಹಿಡಿದಿದ್ದ ಸೇನಾಪತಿ. ಚಕ್ರವರ್ತಿಗೆ ಅವನಿಲ್ಲದೆ ಗಡಿ ನಿಲ್ಲದು. ಅವನಿದ್ದರೆ ಸಿಂಹಾಸನಕ್ಕೆ ನೆಮ್ಮದಿಯಿಲ್ಲ. ಇಂಥವನ ತಂಗಿ ಅಂತಃಪುರದಲ್ಲಿ ಚಕ್ರವರ್ತಿಯ ಪ್ರೀತಿಯ ರಾಣಿ. ಅವಳಿಗೊಂದು ಗಂಡುಮಗು ಹುಟ್ಟಿದರೆ ಏನಾಗುತ್ತದೆಂದು ಯೋಚಿಸಿ ನೋಡಬೇಕು: ಸೇನೆಯನ್ನು ಹಿಡಿದವನು ರಾಜಕುಮಾರನ ಸೋದರಮಾವನಾಗುತ್ತಾನೆ, ಸೋದರಳಿಯನನ್ನು ಪಟ್ಟಕ್ಕೇರಿಸುವ ಕಾರಣವೂ ಬಲವೂ ಒಂದೇ ಮನೆಯಲ್ಲಿ ಸೇರುತ್ತವೆ. ಆದ್ದರಿಂದ ಧಾರಾವಾಹಿಯ ಚಕ್ರವರ್ತಿ ಅವಳಿಗೊಬ್ಬಳಿಗೇ ಎಂದು ‘ಹುವಾನ್‌ಯಿ’ ಎಂಬ ಸುಗಂಧಧೂಪವನ್ನು ಕಾಣಿಕೆಯಾಗಿ ಕೊಡುತ್ತಾನೆ. ಬಸಿರು ನಿಲ್ಲದಂತೆ ಮಾಡುವ ಕಸ್ತೂರಿ ಅದರಲ್ಲಿ ಬೆರೆತಿದೆ. ವರ್ಷಗಟ್ಟಲೆ ಅವಳು ಅದನ್ನು ಒಲವಿನ ಗುರುತೆಂದು ಹೆಮ್ಮೆಯಿಂದ ಉರಿಸುತ್ತಾಳೆ.

ಹುವಾ ಫೇಗೆ ಮೊದಲು ನಿಂತಿದ್ದ ಒಂದು ಬಸಿರು ದುವಾನ್ ಫೇ ತಂದುಕೊಟ್ಟ ಔಷಧಿಯಿಂದ ಇಳಿದುಹೋಗಿತ್ತು. ಅದಕ್ಕೆ ಸೇಡಾಗಿ ಅವಳು ದುವಾನ್ ಫೇಗೆ ಬಲವಂತವಾಗಿ ಮದ್ದು ಕುಡಿಸಿ ಅವಳನ್ನು ಶಾಶ್ವತವಾಗಿ ಬಂಜೆಯಾಗಿಸಿದ್ದಳು. ಆ ಔಷಧಿಯನ್ನು ಕಳಿಸಿದವರು ನಿಜವಾಗಿ ಚಕ್ರವರ್ತಿ ಮತ್ತು ರಾಜಮಾತೆ. ದುವಾನ್ ಫೇ ಬರಿಯ ಹೆಸರು ಹೊತ್ತವಳು. ಅಣ್ಣ ಬಿದ್ದ ಮೇಲೆ ತಂಗಿಯೂ ಬೀಳುತ್ತಾಳೆ. ಧೂಪದ ಸತ್ಯವನ್ನು ಝೆನ್ ಹುವಾನಳ ಬಾಯಿಂದ ಕೇಳಿ, ತಲೆಯನ್ನು ಗೋಡೆಗೆ ಅಪ್ಪಳಿಸಿ ಪ್ರಾಣ ಬಿಡುತ್ತಾಳೆ. ಅಷ್ಟು ಕಂತುಗಳ ಕಾಲ ಅವಳ ದರ್ಪವನ್ನು ದ್ವೇಷಿಸಿದ ಪ್ರೇಕ್ಷಕರು ಆ ಕ್ಷಣದಲ್ಲಿ ಅವಳ ಪಕ್ಷ ವಹಿಸುವುದು ಸುಳ್ಳು ಕಣ್ಣೀರಿನಿಂದಲ್ಲ. ಅವಳ ಅಪರಾಧಗಳಿಗೆ ಶಿಕ್ಷೆ ಸಿಗುವ ಬಹಳ ಮೊದಲೇ, ತಂಗಿಯಾಗಿ ಹುಟ್ಟಿದ್ದಕ್ಕೆ ಅವಳಿಗೆ ಶಿಕ್ಷೆಯಾಗಿತ್ತು ಎಂಬ ಅರಿವಿನಿಂದ.

ಚರಿತ್ರೆ ಇಲ್ಲಿ ಬೇರೆ ದಾರಿಯಲ್ಲಿದೆ. ನಿಯಾನ್ ಮನೆತನದ ರಾಣಿ ಮೂವರು ಗಂಡುಮಕ್ಕಳನ್ನೂ ಒಬ್ಬ ಮಗಳನ್ನೂ ಹೆತ್ತಳು. ಎಲ್ಲರೂ ಎಳೆಯ ವಯಸ್ಸಿನಲ್ಲಿ ಸತ್ತರು, ಅವರಲ್ಲಿ ಹೆಚ್ಚು ಕಾಲ ಬದುಕಿದ ಫುಹುಯ್ 1728ರವರೆಗೆ ಇದ್ದನು. ಆಕೆ 1725ರ ಕೊನೆಯಲ್ಲಿ ಕಾಯಿಲೆಯಿಂದ ತೀರಿಕೊಂಡಳು, ಸಾಯುವ ಮೊದಲು ಪದವಿಯಲ್ಲಿ ಏರಿಕೆಯನ್ನೂ ಪಡೆದಳು. ಅಣ್ಣನ ಮೇಲೆ 92 ಆರೋಪಗಳನ್ನು ಹೊರಿಸಿ, ಆತ್ಮಹತ್ಯೆ ಮಾಡಿಕೊಳ್ಳುವಂತೆ ಆಜ್ಞೆಯಾದದ್ದು ಅದಾದ ಕೆಲವೇ ವಾರಗಳಿಗೆ. ವಿಷದ ಧೂಪ ಕಲ್ಪನೆ. ಅದರ ಹಿಂದಿನ ಭಯಕ್ಕೆ ಮಾತ್ರ ಚರಿತ್ರೆಯಲ್ಲಿ ನೆಲೆಯಿದೆ. ರಾಣಿಯರ ತವರು ಬಲವಾಗಿ ಸಿಂಹಾಸನವನ್ನು ನುಂಗಿದ ನಿದರ್ಶನಗಳು ಹಾನ್ ವಂಶದ ಕಾಲದಿಂದಲೂ ಚೀನಾದ ದರ್ಬಾರಿನ ನೆನಪಿನಲ್ಲಿದ್ದವು.

ಈಗ ಕಥೆಯ ಅತ್ಯಂತ ಆಳವಾದ ಗಂಟಿಗೆ ಬರೋಣ. ಅದು ಪಟ್ಟದರಸಿ ಯಿಶಿಯು ಮತ್ತು ಅವಳ ಅಕ್ಕ ಚುನ್‌ಯುವಾನ್‌ರದು. ಇಬ್ಬರೂ ಉಲಾ ನಾರಾ ಕುಲದವರು, ಒಬ್ಬನೇ ತಂದೆಯ ಮಕ್ಕಳು. ಆದರೆ ಅಕ್ಕ ಹಿರಿಯ ಹೆಂಡತಿಯ ಮಗಳು, ತಂಗಿ ಉಪಪತ್ನಿಯ ಮಗಳು. ಚೀನಾದ ಹಳೆಯ ಕುಟುಂಬಗಳಲ್ಲಿ ಈ ಭೇದ ಮದುವೆ, ಆಸ್ತಿ, ಪೂರ್ವಜರ ಪೂಜೆಯಲ್ಲಿನ ಜಾಗ ಎಲ್ಲವನ್ನೂ ನಿರ್ಧರಿಸುತ್ತಿತ್ತು. ಯೋಂಗ್‌ಝೆಂಗ್ ಇನ್ನೂ ರಾಜಕುಮಾರನಾಗಿದ್ದಾಗ ಮೊದಲು ಅವನ ಮನೆ ಸೇರಿದವಳು ತಂಗಿ, ಎರಡನೆಯ ದರ್ಜೆಯ ಹೆಂಡತಿಯಾಗಿ. ಗಂಡುಮಗುವಾದರೆ ಹಿರಿಯ ಹೆಂಡತಿಯ ಸ್ಥಾನ ನಿನಗೇ ಎಂದು ಅವನು ಮಾತು ಕೊಟ್ಟಿದ್ದನು. ಅವಳು ಬಸುರಿಯಾಗಿದ್ದಾಗ ನೋಡಿಕೊಂಡು ಹೋಗಲು ಬಂದ ಅಕ್ಕನನ್ನು ಅವನು ಕಂಡು ಮೆಚ್ಚಿ, ಆ ಸ್ಥಾನವನ್ನು ಅವಳಿಗೆ ಕೊಟ್ಟನು. ತಂಗಿಯ ಮಗ ಹೋಂಗ್‌ಹುಯ್ ಮೂರು ತುಂಬುವಷ್ಟರಲ್ಲಿ ಕಾಯಿಲೆ ಬಿದ್ದು ಸತ್ತಾಗ, ಬಸುರಿಯಾಗಿದ್ದ ಅಕ್ಕನ ಆರೈಕೆಯಲ್ಲಿ ಮನೆಯೆಲ್ಲ ಮುಳುಗಿತ್ತು. ತಂಗಿ ಅಕ್ಕನ ಆಹಾರದಲ್ಲಿ ಸ್ವಲ್ಪಸ್ವಲ್ಪವಾಗಿ ಹಾನಿಕರ ಪದಾರ್ಥವನ್ನು ಬೆರೆಸಿದಳು. ಅಕ್ಕನೂ ಅವಳ ಮಗುವೂ ಹೆರಿಗೆಯಲ್ಲಿ ಸತ್ತರು. ಸಾಯುವ ಘಳಿಗೆಯಲ್ಲಿ ಅಕ್ಕ ಗಂಡನ ಬಳಿ ಬೇಡಿಕೊಂಡದ್ದು, ತಂಗಿಯನ್ನು ಕೈಬಿಡಬೇಡಿ ಎಂದು.

ಈ ಕೊಲೆಯಿಂದ ಉಲಾ ನಾರಾ ಕುಲಕ್ಕೆ ನಷ್ಟವೇ ಆಗಲಿಲ್ಲ ಎಂಬುದನ್ನು ಗಮನಿಸಬೇಕು. ಅಕ್ಕನ ಜಾಗಕ್ಕೆ ತಂಗಿ ಬಂದಳು; ಪಟ್ಟದರಸಿ ಆ ಮನೆಯವಳೇ ಆಗಿ ಉಳಿದಳು. ಯಿಶಿಯು ಮಾಡಿದ್ದೇನೆಂದು ರಾಜಮಾತೆಗೆ ಗೊತ್ತು, ಆದರೂ ಬಾಯಿ ಬಿಡುವುದಿಲ್ಲ. ತನ್ನ ಉಯಾ ಕುಲದ ಮತ್ತು ಉಲಾ ನಾರಾ ಕುಲದ ಗೌರವವನ್ನು ಆಕೆ ಒಂದೇ ಎಂದು ಭಾವಿಸಿದವಳು. ಉಲಾ ನಾರಾ ಕುಲದ ಪಟ್ಟದರಸಿಯನ್ನು ಪದಚ್ಯುತಗೊಳಿಸಕೂಡದು ಎಂಬ ಅಂತಿಮ ಆಜ್ಞೆಯನ್ನು ಬಿಟ್ಟುಹೋಗುತ್ತಾಳೆ. ಕೊಲೆಯ ಸತ್ಯ ಚಕ್ರವರ್ತಿಗೆ ತಿಳಿದಾಗ ಅವನಿಗೆ ಮಾಡಲು ಉಳಿದದ್ದು ಇಷ್ಟೇ: ಬದುಕಿನಲ್ಲಾಗಲಿ ಸಾವಿನಲ್ಲಾಗಲಿ ನಿನ್ನ ಮುಖ ನೋಡುವುದಿಲ್ಲ ಎಂದು ಹೇಳಿ ಅವಳನ್ನು ಅವಳ ಅರಮನೆಯಲ್ಲಿಯೇ ಮುಚ್ಚಿಡುವುದು. ಚರಿತ್ರೆಯಲ್ಲಿ ಯೋಂಗ್‌ಝೆಂಗ್‌ಗೆ ಇದ್ದವಳು ಉಲಾ ನಾರಾ ಕುಲದ ಒಬ್ಬಳೇ ಪಟ್ಟದರಸಿ; ಅವಳ ಮಗ ಹೋಂಗ್‌ಹುಯ್ 1704ರಲ್ಲಿ ಬಾಲ್ಯದಲ್ಲಿಯೇ ಸತ್ತದ್ದೂ, ಅವಳು 1731ರಲ್ಲಿ ಅದೇ ಪದವಿಯಲ್ಲಿ ತೀರಿಕೊಂಡದ್ದೂ ನಿಜ. ಅಕ್ಕನೆಂಬ ಪಾತ್ರವನ್ನು ಸೃಷ್ಟಿಸಿ ಆ ಖಾಲಿ ಜಾಗದಲ್ಲಿ ನಿಲ್ಲಿಸಿದ್ದು ಕಥೆಗಾರಿಕೆ.

ಸತ್ತ ಅಕ್ಕ ಕಥೆಯ ಉದ್ದಕ್ಕೂ ಅರಮನೆಯಲ್ಲಿ ಇದ್ದೇ ಇರುತ್ತಾಳೆ. ಝೆನ್ ಹುವಾನಳನ್ನು ಚಕ್ರವರ್ತಿ ಆರಿಸಿದ್ದು ಅವಳ ಮುಖ ಚುನ್‌ಯುವಾನಳನ್ನು ಹೋಲುತ್ತದೆಂಬ ಕಾರಣಕ್ಕೆ. ಇದು ಝೆನ್ ಹುವಾನಳಿಗೆ ತಿಳಿಯುವುದು ಬಹಳ ತಡವಾಗಿ, ಪಟ್ಟದರಸಿಯ ಹೂಟದಿಂದ ಸತ್ತವಳ ಉಡುಪನ್ನು ಅರಿಯದೆ ತೊಟ್ಟು ಗಂಡನ ಸಿಟ್ಟಿಗೆ ಗುರಿಯಾದಾಗ. ತಾನು ಪ್ರೀತಿಯೆಂದು ನಂಬಿದ್ದು ಬೇರೊಬ್ಬಳಿಗೆ ಸಲ್ಲುತ್ತಿತ್ತು ಎಂದರಿತು, ಮಗಳನ್ನು ಹೆತ್ತ ಕೂಡಲೇ ಅವಳು ಅರಮನೆ ತೊರೆದು ಗಾನ್‌ಲು ವಿಹಾರಕ್ಕೆ ಹೋಗುತ್ತಾಳೆ.

ಪಟ್ಟದರಸಿ ಇತರರ ಬಸಿರುಗಳನ್ನು ಏಕೆ ಅಷ್ಟು ಹಟದಿಂದ ಕೆಡಿಸುತ್ತಾಳೆ ಎಂಬುದಕ್ಕೆ ಬರಿಯ ಮಗ ಕಳೆದ ದುಃಖ ಸಾಲದು. ಶಾಸ್ತ್ರದ ಪ್ರಕಾರ ಚಕ್ರವರ್ತಿಯ ಎಲ್ಲ ಮಕ್ಕಳಿಗೂ ಪಟ್ಟದರಸಿಯೇ ವಿಧಿಬದ್ಧ ತಾಯಿ; ಯಾರ ಮಗ ಪಟ್ಟವೇರಿದರೂ ಅವಳು ರಾಜಮಾತೆಯಾಗುವುದು ಖಚಿತ. ಹಾಗಿದ್ದರೆ ಅವಳಿಗೇಕೆ ಆತಂಕ? ಏಕೆಂದರೆ ಹೊಸ ಚಕ್ರವರ್ತಿಯ ಹೆತ್ತತಾಯಿಯೂ ರಾಜಮಾತೆಯಾಗುತ್ತಾಳೆ, ಆಗ ಅರಮನೆಯಲ್ಲಿ ಇಬ್ಬರು ರಾಜಮಾತೆಯರಿರುತ್ತಾರೆ. ಇದು ಊಹೆಯ ಮಾತಲ್ಲ. 1861ರಲ್ಲಿ ಇದೇ ಚಿಂಗ್ ವಂಶದಲ್ಲಿ ಪಟ್ಟದರಸಿ ಸಿಯಾನ್ ಮತ್ತು ಹೆತ್ತತಾಯಿ ಸಿಶಿ ಇಬ್ಬರೂ ಒಟ್ಟಿಗೆ ರಾಜಮಾತೆಯರಾದರು, ಅವರಲ್ಲಿ ಅಧಿಕಾರ ಕೊನೆಗೆ ಯಾರ ಕೈಯಲ್ಲಿ ಉಳಿಯಿತೆಂಬುದು ಎಲ್ಲರಿಗೂ ತಿಳಿದಿದೆ. ಯಿಶಿಯುಗೆ ಬೇಕಾದದ್ದು ಹೆತ್ತತಾಯಿ ಬದುಕಿಲ್ಲದ ಮಗ. ಅಷ್ಟೇನೂ ಚುರುಕಿಲ್ಲದ ಮೂರನೆಯ ರಾಜಕುಮಾರ ಹೋಂಗ್‌ಶಿಯ ತಾಯಿ ಚಿ ಫೇಯನ್ನು ಅವಳು ತಪ್ಪಿಗೆ ಎಳೆದು, ಮಗನ ಭವಿಷ್ಯದ ಹೆಸರಿನಲ್ಲಿ ಹೆದರಿಸಿ, ನೇಣಿಗೆ ದೂಡುತ್ತಾಳೆ. ಮಗನಿಗೆ ಒಳ್ಳೆಯದಾಗಲೆಂದು ತಾಯಿ ಸಾಯುತ್ತಾಳೆ, ಆ ತಾಯಿಯನ್ನು ಸಾವಿಗೆ ದೂಡಿದವಳೇ ಅದೇ ಮಗನನ್ನು ಮಡಿಲಿಗೆ ತೆಗೆದುಕೊಳ್ಳುತ್ತಾಳೆ. ಆ ಅಂತಃಪುರದ ಇಡೀ ಲೆಕ್ಕಾಚಾರ ಈ ಒಂದು ಪ್ರಕರಣದಲ್ಲಿ ಅಡಗಿದೆ ಎಂದು ನನಗೆ ಅನಿಸುತ್ತದೆ.

ಝೆನ್ ಮನೆತನದ ಕಡೆಗೆ ಹೊರಳಿದರೆ ನಂಟಿನ ಇನ್ನೊಂದು ಮುಖ ಕಾಣುತ್ತದೆ. ನಾಯಕಿಯ ತಂದೆ ಝೆನ್ ಯುವಾನ್‌ದಾವ್ ದರ್ಬಾರಿನ ನ್ಯಾಯಾಧಿಕಾರಿ. ಅವಳ ದಾಸಿ ಹುವಾನ್‌ಬಿ ನಿಜದಲ್ಲಿ ಅವಳ ತಂಗಿ. ಶಿಕ್ಷೆಗೊಳಗಾದ ಮನೆತನದ ಹೆಣ್ಣಿನಲ್ಲಿ ತಂದೆಗೆ ಹುಟ್ಟಿದವಳು. ಮಗಳೆಂದು ಹೇಳಿಕೊಳ್ಳಲಾಗದೆ, ತಾಯಿಯ ಹೆಸರನ್ನು ಪೂರ್ವಜರ ಫಲಕಗಳ ಸಾಲಿನಲ್ಲಿ ಇಡಲಾಗದೆ, ಅಕ್ಕನಿಗೆ ಚಹಾ ಬಡಿಸುತ್ತ ಬದುಕುತ್ತಾಳೆ. ಆ ಕಹಿಯಿಂದಲೇ ಆರಂಭದಲ್ಲಿ ಶತ್ರುಗಳಿಗೆ ಸುದ್ದಿ ಮುಟ್ಟಿಸುತ್ತಾಳೆ. ಝೆನ್ ಹುವಾನ್ ಅವಳನ್ನು ಕ್ಷಮಿಸಿ, ಮುಂದೆ ಅಧಿಕಾರ ಬಂದಾಗ ಮನೆತನದ ಮಗಳೆಂದು ದಾಖಲಿಸುತ್ತಾಳೆ, ಅವಳ ತಾಯಿಯ ಫಲಕಕ್ಕೂ ಜಾಗ ಕೊಡಿಸುತ್ತಾಳೆ. ಅದೇ ತಂಗಿ ಝೆನ್ ಹುವಾನಳ ಒಲವಾದ, ಚಕ್ರವರ್ತಿಯ ತಮ್ಮ ಗುವೊ ರಾಜಕುಮಾರನನ್ನು ಮದುವೆಯಾಗುತ್ತಾಳೆ. ಅಕ್ಕನ ಬಲದಿಂದ ಹೆಸರು ಪಡೆದವಳು ಅಕ್ಕನಿಗೆ ದಕ್ಕದ ಬದುಕನ್ನು ಬದುಕುತ್ತಾಳೆ, ಆದರೆ ಗಂಡನ ಮನಸ್ಸು ಮಾತ್ರ ಅವಳಿಗೆ ಸಿಗುವುದಿಲ್ಲ.

ತಂದೆಯ ಪತನವೂ ಅಂತಃಪುರಕ್ಕೆ ಹೆಣೆದುಕೊಂಡದ್ದೇ. ನಿಯಾನ್ ಗೆಂಗ್‌ಯಾವ್‌ನನ್ನು ಹೊಗಳಿ ಪದ್ಯ ಬರೆದ ಚಿಯೆನ್ ಮಿಂಗ್‌ಶಿ ಎಂಬ ವಿದ್ವಾಂಸನನ್ನು ಹೀಯಾಳಿಸಿ ಕವಿತೆ ಬರೆಯುವಂತೆ 1726ರಲ್ಲಿ ಯೋಂಗ್‌ಝೆಂಗ್ ನೂರಾರು ಅಧಿಕಾರಿಗಳಿಗೆ ಆಜ್ಞಾಪಿಸಿದ್ದನು, ಇದು ಚರಿತ್ರೆ. ಧಾರಾವಾಹಿ ಇದನ್ನು ಬಳಸಿಕೊಂಡು, ಗುವಾರ್ಜಿಯಾ ಕುಲದ ಅಧಿಕಾರಿಯೊಬ್ಬನಿಂದ ಝೆನ್ ಯುವಾನ್‌ದಾವ್ ಮೇಲೆ ನಿಷ್ಠೆಯಿಲ್ಲವೆಂಬ ದೂರು ಹೊರಿಸುತ್ತದೆ. ಆ ಅಧಿಕಾರಿಯ ಮಗಳು ಅಂತಃಪುರದಲ್ಲಿ ಝೆನ್ ಹುವಾನಳ ಎದುರಾಳಿ. ಅಪ್ಪ ದರ್ಬಾರಿನಲ್ಲಿ, ಮಗಳು ಒಳಮನೆಯಲ್ಲಿ, ಇಬ್ಬರೂ ಒಂದೇ ಕುಟುಂಬವನ್ನು ಎರಡು ಕಡೆಯಿಂದ ಕೆಡವುತ್ತಾರೆ. ಝೆನ್ ಕುಟುಂಬ ಈಶಾನ್ಯದ ಚಳಿನಾಡು ನಿಂಗುತಾಕ್ಕೆ ಗಡೀಪಾರಾಗುತ್ತದೆ.

ವಿಹಾರದಲ್ಲಿದ್ದಾಗ ಝೆನ್ ಹುವಾನ್ ಚಕ್ರವರ್ತಿಯ ತಮ್ಮ, ಹದಿನೇಳನೆಯ ರಾಜಕುಮಾರ ಗುವೊ ಯುನ್‌ಲಿಯನ್ನು ಒಲಿಯುತ್ತಾಳೆ. ಅವನು ಸತ್ತನೆಂಬ ಸುಳ್ಳುಸುದ್ದಿ ಬಂದಾಗ ಅವಳ ಹೊಟ್ಟೆಯಲ್ಲಿ ಅವನ ಮಕ್ಕಳಿದ್ದಾರೆ, ದೂರದಲ್ಲಿ ತಂದೆ ಸಾಯುವ ಸ್ಥಿತಿಯಲ್ಲಿದ್ದಾನೆ. ಆ ಮಕ್ಕಳಿಗೆ ತಂದೆಯ ಹೆಸರೂ, ತವರಿಗೆ ರಕ್ಷಣೆಯೂ ಸಿಗಬೇಕಾದರೆ ಇರುವುದು ಒಂದೇ ಜಾಗ. ಅವಳು ಚಕ್ರವರ್ತಿಯ ಮನಸ್ಸನ್ನು ಮತ್ತೆ ಗೆದ್ದು ಅರಮನೆಗೆ ಮರಳುತ್ತಾಳೆ. ಹೊರಗೆ ಹೋದ ರಾಣಿ ಮರಳುವುದು ಮರ್ಯಾದೆಗೆ ಕುಂದಾದ್ದರಿಂದ ಚಕ್ರವರ್ತಿ ಅವಳಿಗೆ ನಿಯೊಹುರು ಎಂಬ ಮಂಚೂ ಕುಲನಾಮವನ್ನು ಕೊಟ್ಟು, ನಾಲ್ಕನೆಯ ರಾಜಕುಮಾರ ಹೋಂಗ್‌ಲಿಯ ಹೆತ್ತತಾಯಿ, ಇಷ್ಟು ದಿನ ದೇಶದ ಒಳಿತಿಗಾಗಿ ಪ್ರಾರ್ಥನೆಯಲ್ಲಿದ್ದಳು ಎಂದು ಬರೆಸುತ್ತಾನೆ. ಹೋಂಗ್‌ಲಿ ದಾಸಿಯೊಬ್ಬಳಿಗೆ ಹುಟ್ಟಿ, ತಂದೆಯ ಅಸಡ್ಡೆಗೆ ಗುರಿಯಾಗಿ ಯುವಾನ್‌ಮಿಂಗ್ ಉದ್ಯಾನದಲ್ಲಿ ಒಂಟಿಯಾಗಿ ಬೆಳೆದ ಹುಡುಗ. ಅವನಿಗೆ ಸ್ಥಾನವುಳ್ಳ ತಾಯಿ ಬೇಕು, ಅವಳಿಗೆ ಬೆಳೆದ ಮಗ ಬೇಕು. ಇಬ್ಬರಿಗೂ ಅದು ವ್ಯವಹಾರವೆಂದು ಗೊತ್ತು. ವರ್ಷಗಳು ಕಳೆದಂತೆ ಅದರಲ್ಲಿ ಅಷ್ಟಿಷ್ಟು ನಿಜವಾದ ಅಕ್ಕರೆಯ ಜೊತೆಗೆ ಮರೆಯದ ಎಚ್ಚರವೂ ಬೆರೆಯುತ್ತದೆ.

ಚರಿತ್ರೆಯ ಹೋಂಗ್‌ಲಿ, ಅಂದರೆ ಚಿಯೆನ್‌ಲೋಂಗ್ ಚಕ್ರವರ್ತಿ, 1711ರಲ್ಲಿ ನಿಯೊಹುರು ಕುಲದ ತಾಯಿಗೆ ಹುಟ್ಟಿದವನೆಂದು ವಂಶಾವಳಿ ಹೇಳುತ್ತದೆ. ಆಕೆ ‘ಶಿ ಫೇ’ ಎಂಬ ಪದವಿಯನ್ನು ಪಡೆದು, 1735ರಲ್ಲಿ ರಾಜಮಾತೆಯಾಗಿ, 1777ರವರೆಗೆ ಬದುಕಿದಳು. ಆದರೆ 1723ರ ಪದವಿಪ್ರದಾನದ ಆಜ್ಞೆಯ ಒಂದು ಪ್ರತಿಯಲ್ಲಿ ಶಿ ಫೇಯ ಕುಲನಾಮ ಚಿಯೆನ್ ಎಂದು ದಾಖಲಾಗಿದೆ, ಇನ್ನೊಂದರಲ್ಲಿ ನಿಯೊಹುರು ಎಂದಿದೆ. ಚರಿತ್ರಕಾರರು ಇದನ್ನು ಹಲವು ರೀತಿಯಲ್ಲಿ ವಿವರಿಸುತ್ತಾರೆ. ಕುಲನಾಮ ಬದಲಾದ ತಾಯಿಯ ಕಥೆಗೆ ಇಂಥ ಬಿರುಕಿಗಿಂತ ಒಳ್ಳೆಯ ನೆಲ ಸಿಗಲಾರದು.

ದಾಖಲೆಯ ತಾಯ್ತಂದೆತನವನ್ನು ರಕ್ತದಿಂದ ಪರೀಕ್ಷಿಸುವ ಪ್ರಯತ್ನವೂ ಒಮ್ಮೆ ನಡೆಯುತ್ತದೆ. ಝೆನ್ ಹುವಾನಳ ಮಗ ಹೋಂಗ್‌ಯಾನ್ ರಾಜವೈದ್ಯ ವೆನ್‌ನಿಗೆ ಹುಟ್ಟಿದವನೆಂಬ ಆರೋಪ ಬಂದಾಗ, ನೀರಿನ ಬಟ್ಟಲಿಗೆ ಇಬ್ಬರ ರಕ್ತ ಹಾಕಿ ಕೂಡುತ್ತದೆಯೇ ಎಂದು ಎಲ್ಲರೆದುರು ನೋಡುತ್ತಾರೆ. ವೈಜ್ಞಾನಿಕವಾಗಿ ಈ ಪರೀಕ್ಷೆಗೆ ಯಾವ ಬೆಲೆಯೂ ಇಲ್ಲ. ಕಥೆಯಲ್ಲಿ ರಕ್ತ ಕೂಡುತ್ತದೆ. ನೀರಿಗೆ ಪಟಿಕ ಬೆರೆಸಿದ್ದರೆಂದು ಝೆನ್ ಹುವಾನ್ ಪತ್ತೆಹಚ್ಚಿ ಸಂಚನ್ನು ಬಯಲು ಮಾಡುತ್ತಾಳೆ. ಆರೋಪ ಸುಳ್ಳು, ಪರೀಕ್ಷೆಯೂ ಸುಳ್ಳು, ಆದರೂ ಮಗು ಚಕ್ರವರ್ತಿಯದಲ್ಲ. ಅನುಮಾನ ಒಳಗೇ ಉಳಿದು, ಕೊನೆಗೆ ಚಕ್ರವರ್ತಿ ತಮ್ಮನಿಗೆ ವಿಷ ಕೊಡುವಂತೆ ಝೆನ್ ಹುವಾನಳಿಗೇ ಹೇಳುತ್ತಾನೆ. ಗುವೊ ರಾಜಕುಮಾರ ಅವಳಿಗೆ ತಿಳಿಯದಂತೆ ಬಟ್ಟಲುಗಳನ್ನು ಅದಲುಬದಲು ಮಾಡಿ ತಾನೇ ಕುಡಿಯುತ್ತಾನೆ.

ಚಕ್ರವರ್ತಿ ಸತ್ತು ಹೋಂಗ್‌ಲಿ ಪಟ್ಟವೇರಿದಾಗ, ಹೋಂಗ್‌ಯಾನ್ ಹೊಸ ಅರಸನಿಗೆ ಎದುರಾಳಿಯಾಗಬಲ್ಲ ರಾಜಕುಮಾರ. ಝೆನ್ ಹುವಾನ್ ಅವನನ್ನು ಗುವೊ ರಾಜಕುಮಾರನ ಮನೆಗೆ ದತ್ತು ಕೊಡುತ್ತಾಳೆ. ಚಿಂಗ್ ದರ್ಬಾರಿನಲ್ಲಿ ಹಾಗೆ ದತ್ತು ಹೋದವನಿಗೆ ಸಿಂಹಾಸನದ ಹಕ್ಕು ಮುಗಿಯುತ್ತದೆ. ಯೋಂಗ್‌ಝೆಂಗ್ ತನ್ನ ಮಗ ಹೋಂಗ್‌ಶಿಯನ್ನು ದೂರವಿಡಲು ಅವನನ್ನು ತನ್ನ ವೈರಿಯಾಗಿದ್ದ ಎಂಟನೆಯ ರಾಜಕುಮಾರನ ಮಗನೆಂದು ಬರೆಸಿದ್ದನು, 1727ರಲ್ಲಿ ಹೋಂಗ್‌ಶಿ ಸತ್ತನು. ಅದೇ ಉಪಾಯವನ್ನು ಝೆನ್ ಹುವಾನ್ ಉಳಿಸಲು ಬಳಸುತ್ತಾಳೆ. ಮಗ ಬದುಕುತ್ತಾನೆ, ಮತ್ತು ಯಾರಿಗೂ ತಿಳಿಯದಂತೆ ತನ್ನ ನಿಜವಾದ ತಂದೆಯ ಮನೆಯ ವಾರಸುದಾರನಾಗುತ್ತಾನೆ.

ಇದಕ್ಕೆ ಆಧಾರವಾದ ಘಟನೆ ನಿಜವಾಗಿ ನಡೆದದ್ದು. ಚರಿತ್ರೆಯ ಯುನ್‌ಲಿ ವಿಷದಿಂದ ಸಾಯಲಿಲ್ಲ. ಅಣ್ಣನ ವಿಶ್ವಾಸಕ್ಕೆ ಪಾತ್ರನಾಗಿ, ಹೊಸ ಅರಸನ ಆರಂಭದ ದಿನಗಳಲ್ಲಿ ಆಡಳಿತಕ್ಕೆ ನೆರವಾಗಿ, 1738ರಲ್ಲಿ ಕಾಯಿಲೆಯಿಂದ ತೀರಿಕೊಂಡನು. ಅವನಿಗೆ ವಾರಸುದಾರ ಉಳಿದಿರಲಿಲ್ಲವಾದ್ದರಿಂದ ಚಿಯೆನ್‌ಲೋಂಗ್ ತನ್ನ ಕಿರಿಯ ಮಲತಮ್ಮ, 1733ರಲ್ಲಿ ಲಿಯು ಕುಲದ ರಾಣಿಗೆ ಹುಟ್ಟಿದ ಹೋಂಗ್‌ಯಾನ್‌ನನ್ನು ಆ ಮನೆಗೆ ದತ್ತು ಕೊಟ್ಟನು. 1763ರಲ್ಲಿ ಚಿಯೆನ್‌ಲೋಂಗ್ ಹೋಂಗ್‌ಯಾನ್‌ನ ಪದವಿಯನ್ನು ಇಳಿಸಿದನು. ಹೊರಿಸಿದ ತಪ್ಪುಗಳಲ್ಲಿ ಒಂದು, ನಿಯೊಹುರು ರಾಜಮಾತೆಗೆ ವಂದಿಸಲು ಹೋದಾಗ ಚಕ್ರವರ್ತಿ ಮಂಡಿಯೂರಿ ಕೂರುವ ಜಾಗದಲ್ಲಿ ತಾನು ಕುಳಿತದ್ದು. ಧಾರಾವಾಹಿಯಲ್ಲಿ ಅವನ ಹೆತ್ತತಾಯಿ ಆ ರಾಜಮಾತೆಯೇ.